ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಬಹುತೇಕ ಬಾಗಿಲು ಯಾಕೆ ತೆರೆಯುವುದಿಲ್ಲ?

ಜಿಟಿಎ 5 ಎಂಬ ಓಪನ್ ವರ್ಲ್ಡ್ (ಬೇಕಾದ ಕಡೆ ತಿರುಗಾಡಬಹುದಾದ) ವಿಡಿಯೊ ಗೇಮ್‌ನಲ್ಲಿ ಇಡೀ ಊರು ಸುತ್ತಬಹುದು, ಆದರೆ ಕಂಡ ಮನೆಯೊಳಗೆಲ್ಲ ಹೋಗಲು ಬರುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅಲ್ಲಿ ಬಹಳಷ್ಟು ಬಾಗಿಲಿಗೆ ಬೀಗವೇ ಇಲ್ಲ, ಅವು ಬಾಗಿಲೇ ಅಲ್ಲ! ನಮ್ಮ ಕಲಬುರಗಿ ಕಡೆ ಜಾತ್ರೆಗೆ ಬರುವ ನಾಟಕ ಕಂಪನಿಯ ಪರದೆ ನೋಡಿದ್ದೀರಲ್ಲ, ಅದರ ಮೇಲೆ ಬರೆದ ಅರಮನೆ ಇದ್ದಂತೆ. ಹಿಂದೆ ಬರೀ ಬಯಲು.

ಒಂದು ಮನೆಯ ಒಳಗು ಕಟ್ಟಬೇಕೆಂದರೆ ಮಂಚ, ಕಪಾಟು, ಬೆಳಕು, ಪಾತ್ರಗಳು ಓಡಾಡುವ ದಾರಿ ಎಲ್ಲ ಬೇಕು. ಮೂಲೆಯಲ್ಲಿ ಯಾರೂ ಸಿಕ್ಕಿಕೊಳ್ಳುವುದಿಲ್ಲ ಎಂದು ಪರೀಕ್ಷಿಸಲೂ ಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದವರೆಗಿನ ಅಂಗಡಿಗಳನ್ನೆಲ್ಲ ಹೀಗೆ ಮಾಡಲು ಕೂತರೆ ವರ್ಷಗಳೇ ಹೋದಾವು. ಮೆಮೊರಿಯೂ ಅಡ್ಡ ಬರುತ್ತದೆ: 2013ರಲ್ಲಿ ಜಿಟಿಎ 5 ಬಂದಾಗ ಅದನ್ನು ಆಡುವ ಪ್ಲೇಸ್ಟೇಷನ್ 3 ಎಂಬ ಗೇಮ್ ಯಂತ್ರದಲ್ಲಿ ಇದ್ದ ಮೆಮೊರಿ ಒಟ್ಟು 512 ಎಂಬಿ ಮಾತ್ರ.

2011ರ ಸ್ಕೈರಿಮ್ ಎಂಬ ಗೇಮ್ ಬೇರೆ ದಾರಿ ಹಿಡಿಯಿತು. ಬಾಗಿಲು ಮುಟ್ಟಿದರೆ ಲೋಡಿಂಗ್ ಪರದೆ (ಒಳಗಿನದು ತಯಾರಾಗುವವರೆಗೆ ಕಾಯಿಸುವ ಚಿತ್ರ), ಒಳಗಿನದು ಪ್ರತ್ಯೇಕ ಜಾಗ. ಅಲ್ಲಿನ ಬೀಗ ಮಾತ್ರ ನಿಜದ ಬೀಗ, ಕಡ್ಡಿ ಹಾಕಿ ತೆಗೆಯಬಹುದು.

ನನ್ನ ತಕರಾರು ಒಂದೇ. ಸುಳ್ಳು ಬಾಗಿಲಿಗೂ ನಿಜದ ಬಾಗಿಲಿಗೂ ಒಂದೇ ಹಿಡಿಕೆ ಯಾಕೆ ಇಡುತ್ತಾರೋ! ತೆರೆಯುವುದಕ್ಕೆ ಒಂದು ದೀಪವೋ ಬೇರೆ ಬಣ್ಣವೋ ಕೊಟ್ಟರೆ ಸಾಕಿತ್ತು.