ಓದುಗರ ಪ್ರಶ್ನೆ: ಕಲ್ಲಾದ ಎಲುಬು, ಎಲುಬಿನಂಥ ಕಲ್ಲು

ಪ್ರಶ್ನೆ: ಲೋಕಾಪುರದ ಕಡೆ ಸಿಗುವ ಸುಣ್ಣದಕಲ್ಲು ಸಮುದ್ರದ ತಳದಲ್ಲಿ ಆದದ್ದಂತೆ. ಹಾಗಾದರೆ ಇಕ್ತಿಯೋಸಾರ್, ಪ್ಲೀಸಿಯೋಸಾರ್‌ಗಳಂಥ ಕಡಲ ಸರೀಸೃಪಗಳ ಎಲುಬನ್ನು ಇಲ್ಲೇ ಹುಡುಕಬಹುದಲ್ಲ? (ಓದುಗರು, ಬಾಗಲಕೋಟೆ)

ಉತ್ತರ: ಸಮುದ್ರ ಹೌದು, ಆದರೆ ಕಾಲ ಕೂಡುವುದಿಲ್ಲ. ಲೋಕಾಪುರವೂ ಸೇರಿದ ಕಲಾದಗಿ ಸೀಮೆಯ ಸುಣ್ಣದಕಲ್ಲು ನೂರು ಕೋಟಿ ವರ್ಷದಾಚೆಯದು. ಆಗ ಎಲುಬಿರುವ ಜೀವಿಯೇ ಇರಲಿಲ್ಲ. ಇಕ್ತಿಯೋಸಾರ್ ಕಾಣಿಸಿಕೊಂಡದ್ದು ಸುಮಾರು 25 ಕೋಟಿ ವರ್ಷದ ಹಿಂದೆ, ಅಳಿದದ್ದು 9 ಕೋಟಿ ವರ್ಷದ ಹಿಂದೆ. ನಿಮ್ಮಲ್ಲಿ ಸಿಗುವುದು ಸ್ಟ್ರೊಮಾಟೊಲೈಟ್: ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ದಿಬ್ಬ. ಉಳ್ಳಾಗಡ್ಡಿ ಅಡ್ಡ ಕೊಯ್ದಂತೆ ಉಂಗುರಗಳು ಕಂಡರೆ ಅದೇ. ನಮ್ಮನ್ನು ಕೇಳಿದರೆ ಅದು ಎಲುಬಿಗಿಂತ ಅಪರೂಪದ ನೋಟ, ಆದರೂ ಯಾರೂ ಬಗ್ಗಿ ನೋಡುವುದಿಲ್ಲ. ವಿಜಯಪುರದ ಕಡೆ ಹೋದರೆ ನೆಲವೆಲ್ಲ ಲಾವಾದ ಕರಿಕಲ್ಲು. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಮೇಲೆ ಹರಿದದ್ದು, ಕಡಲಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹೊಲದಾಗ ಬಾವಿ ತೋಡಿಸೂಮುಂದ ಎಲುಬಿನಂಥ ಬಿಳಿ ಕಲ್ಲು ಸಿಕ್ಕಾವರಿ. ಡೈನೋಸಾರದ್ದು ಅಂತಾರ ಮಂದಿ. ಹೆಂಗ ಗೊತ್ತು ಮಾಡೋದು? (ಓದುಗರು, ವಿಜಯಪುರ)

ಉತ್ತರ: ಎಷ್ಟು ಆಳದಲ್ಲಿ ಸಿಕ್ಕವು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಮೇಲಿನ ಎರಿಮಣ್ಣಿನಲ್ಲಿ ಸಿಕ್ಕಿದ್ದರೆ ಬಹುಪಾಲು ಸುಣ್ಣದ ಗಂಟುಗಳು. ಬೆರಳಿನ, ಗೆಣಸಿನ ಆಕಾರದಲ್ಲಿ ಇರುತ್ತವೆ, ಅದಕ್ಕೇ ಮೋಸ ಹೋಗುತ್ತೇವೆ. ಕೆಳಗಿನ ಕರಿಕಲ್ಲಿನಿಂದ ಬಂದದ್ದಾದರೆ ಜಿಯೊಲೈಟ್ ಇರಬಹುದು, ಅದು ಲಾವಾದ ಗುಳ್ಳೆಗಳೊಳಗೆ ಬೆಳೆಯುವ ಖನಿಜ. ಒಡೆದಾಗ ಬಿಳಿ ಸೂಜಿಗಳು ಒಂದು ಬಿಂದುವಿನಿಂದ ಬೀಸಣಿಗೆಯಂತೆ ಹರಡಿ ಕಾಣುತ್ತವೆ.

ಒಡೆದ ಮುಖವನ್ನು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಎಲುಬಿಗೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಜೇನುಹುಟ್ಟಿನಂಥ ಸಣ್ಣ ಕೋಣೆಗಳು ಇರುತ್ತವೆ. ಸುಣ್ಣದ ಗಂಟಿಗೆ ಒಳಗೂ ಹೊರಗೂ ಒಂದೇ ಮೈ. ಚಾಕುವಿನಿಂದ ಕೆರೆದ ಪುಡಿಗೆ ಲಿಂಬಿಹಣ್ಣಿನ ರಸ ಹಾಕಿದರೆ ಸುಣ್ಣ ನೊರೆಯುತ್ತದೆ. ಆದರೆ ಎಲುಬಿನ ಕೋಣೆಗಳಲ್ಲಿ ಸುಣ್ಣ ತುಂಬಿದ್ದರೆ ಅದೂ ನೊರೆಯುತ್ತದೆ, ಆದ್ದರಿಂದ ಇದೊಂದನ್ನೇ ನಂಬಬೇಡಿ. ನಾಲಿಗೆಗೆ ಅಂಟಿದರೆ ಎಲುಬು ಎನ್ನುವ ಮಾತೂ ಅರ್ಧ ಸತ್ಯ, ಒಣ ಜೇಡಿಯೂ ಅಂಟುತ್ತದೆ.

ನಿಜವಾದ ಎಲುಬು ಸಿಗುವುದೇ ಇಲ್ಲ ಎಂದಲ್ಲ. ಗೋಕಾಕ ಸೀಮೆಯ ಚಿಕ್ಕದೌಲಿಯ ಹಳ್ಳದ ಮೆಕ್ಕಲಿನಲ್ಲಿ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದ್ದಾರೆ. ನಿಮ್ಮದರಲ್ಲಿ ಕೋಣೆಗಳು ಕಂಡರೆ ತೊಳೆಯಬೇಡಿ, ಅಂಟಿಸಬೇಡಿ. ಆಳ ಬರೆದಿಟ್ಟು, ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರ ವಿಭಾಗದಲ್ಲಿ ತೋರಿಸಿ.

ಪ್ರಶ್ನೆ: ಮನೆಯ ಸಾಲಿಗ್ರಾಮದೊಳಗಿನ ಚಕ್ರವೂ ಪಳೆಯುಳಿಕೆಯೇ? (ಓದುಗರು, ಬಾದಾಮಿ)

ಉತ್ತರ: ಹೌದು. ಅದು ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಗಂಡಕಿ ನದಿ ಅದನ್ನು ಹಿಮಾಲಯದ ಜುರಾಸಿಕ್ ಕಾಲದ ಕಲ್ಲಿನಿಂದ ಕೊಚ್ಚಿ ತರುತ್ತದೆ. ಆ ಕಾಲದ ಕಡಲುಗಳಲ್ಲಿ ಇಕ್ತಿಯೋಸಾರ್‌ಗಳೂ ಈಜುತ್ತಿದ್ದವು.

ಪ್ರಶ್ನೆ: ಕಡಲ ಸರೀಸೃಪಗಳ ಎಲುಬು ಭಾರತದಲ್ಲಿ ಎಲ್ಲಿ ಸಿಕ್ಕಿವೆ? ಬೆನ್ನುಮೂಳೆಯ ಮಣಿ ಕಂಡರೆ ಯಾವ ಪ್ರಾಣಿಯದೆಂದು ಹೇಗೆ ತಿಳಿಯುವುದು? (ಓದುಗರು, ಚಿಕ್ಕೋಡಿ)

ಉತ್ತರ: ಕಚ್ಛದ ಲೊಡಾಯಿ ಗ್ರಾಮದ ಹತ್ತಿರ ಸಿಕ್ಕ, ಹೆಚ್ಚುಕಡಿಮೆ ಪೂರ್ಣವಾದ ಇಕ್ತಿಯೋಸಾರ್ ಅಸ್ಥಿಪಂಜರದ ವಿವರ 2017ರಲ್ಲಿ ಪ್ರಕಟವಾಯಿತು. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಜೇಡಿಯಲ್ಲೂ ಇಕ್ತಿಯೋಸಾರ್ ಮಣಿಗಳು ಸಿಕ್ಕಿವೆ. ಇಕ್ತಿಯೋಸಾರ್ ಮಣಿ ಕೇರಂ ಸ್ಟ್ರೈಕರಿನಂತೆ ಚಪ್ಪಟೆ, ಎರಡೂ ಮುಖ ಬಟ್ಟಲಿನಂತೆ ಆಳಕ್ಕೆ ಇಳಿದಿರುತ್ತವೆ. ಪ್ಲೀಸಿಯೋಸಾರ್‌ದು ದಪ್ಪ, ಮುಖ ಹೆಚ್ಚುಕಡಿಮೆ ಸಮ, ಕೆಳಮೈಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು.

ಒಂದೇ ಸಾಲಿನಲ್ಲಿ ಎರಡು ಮೂರು ಮಣಿ ಕಂಡರೆ ಕೈ ಹಾಕಬೇಡಿ. ಮಿಕ್ಕ ದೇಹ ಒಳಗಿರಬಹುದು, ಅಗೆಯುವುದು ಬಲ್ಲವರ ಕೆಲಸ. ಜಾಗದ ಒಡೆಯರ ಒಪ್ಪಿಗೆ ಪಡೆದು ಎತ್ತಿಕೊಂಡ ಬಿಡಿ ಮಣಿ ಪುಡಿಯಾಗುತ್ತಿದ್ದರೆ ಪ್ಯಾರಾಲಾಯ್ಡ್ ಬಿ-72 ಎಂಬ, ಎಲುಬನ್ನು ಗಟ್ಟಿಮಾಡುವ ಅಕ್ರಿಲಿಕ್ ರಾಳ ಬಳಸಿ. 5 ಗ್ರಾಂ ಹರಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ 100 ಮಿಲಿ ಅಸಿಟೋನಿನೊಳಗೆ ರಾತ್ರಿಯಿಡೀ ತೂಗುಬಿಡಿ. ನೇರ ಸುರಿದರೆ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ. ಪೂರ್ತಿ ಒಣಗಿದ ಎಲುಬಿಗೆ ಹನಿಹನಿಯಾಗಿ ಹಾಕಿ. ತೇವವಿದ್ದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ, ದ್ರಾವಣ ಗಟ್ಟಿಯಾಗಿದ್ದರೆ ಹೊರಗೆ ಹೊಳಪಿನ ತೊಗಲಾಗಿ ಒಳಗೆ ಪುಡಿ ಹಾಗೇ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ.

ಪ್ರಶ್ನೆ: ಮಗ ಇಂಗ್ಲೆಂಡಿನ ಲೈಮ್ ರೀಜಿಸ್ ತೀರದಿಂದ ತಂದ ಇಕ್ತಿಯೋಸಾರ್ ಮಣಿ ಮಳೆಗಾಲದಲ್ಲಿ ಹಳದಿ ಪುಡಿ ಬಿಟ್ಟು ಬಿರಿಯುತ್ತಿದೆ. ಹುಳ ಹತ್ತಿದೆಯೇ? (ಓದುಗರು, ಬೆಳಗಾವಿ)

ಉತ್ತರ: ಹುಳವಲ್ಲ, ಪೈರೈಟ್ ಕಾಯಿಲೆ. ಆ ಎಲುಬಿನಲ್ಲಿ ಕಬ್ಬಿಣದ ಸಲ್ಫೈಡ್ ಇದೆ. ಅದು ಬೆಳಗಾವಿಯ ಮಳೆಗಾಲದ ತೇವ ಮತ್ತು ಗಾಳಿಯೊಂದಿಗೆ ಸೇರಿ ಗಂಧಕಾಮ್ಲವಾಗುತ್ತದೆ, ಜೊತೆಗೆ ಹುಟ್ಟುವ ಉಪ್ಪು ಉಬ್ಬಿ ಕಲ್ಲನ್ನು ಸೀಳುತ್ತದೆ. ನೀರಿನಲ್ಲಿ ತೊಳೆದರೆ ಇನ್ನೂ ಕೆಡುತ್ತದೆ. ಪುಡಿಯನ್ನು ಒಣ ಕುಂಚದಿಂದ ಗುಡಿಸಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಒಳಗಿನ ತೇವಾಂಶ ಶೇ. 30ರ ಕೆಳಗಿರುವಂತೆ ನೋಡಿಕೊಳ್ಳಿ. ಪ್ಯಾರಾಲಾಯ್ಡ್ ಬಳಿದರೆ ಇದು ನಿಲ್ಲುವುದಿಲ್ಲ. ಊರು, ಪದರ, ದಿನಾಂಕ ಬರೆದ ಚೀಟಿಯನ್ನು ಡಬ್ಬಿಯ ಹೊರಗೆ ಅಂಟಿಸಿ. ಒಳಗಿಟ್ಟರೆ ಆಮ್ಲ ಮೊದಲು ತಿನ್ನುವುದು ಅದನ್ನೇ.