ಲಾನ್‌ಗೆ ಅಂಚು ಕಟ್ಟಿಸುವ ಮುಂಚೆ ಮಳೆನೀರಿನ ದಾರಿ ನೋಡಿ

ಮೈಸೂರಿನಲ್ಲಿ ಮನೆ ಮುಂದೆ 20 ಅಡಿಗೆ 15 ಅಡಿ ಲಾನ್ ಇದೆ, ಸುತ್ತ ಹೂವಿನ ಪಾತಿ ಇದೆ, ಎರಡರ ನಡುವೆ ಅಂಚು ಕಟ್ಟಿಸಬೇಕು, ಕೆಲಸ ನರ್ಸರಿಯವರಿಗೆ ಕೊಡಲೋ ಗಾರೆ ಮೇಸ್ತ್ರಿಗೆ ಕೊಡಲೋ, ಒಪ್ಪಿಸುವ ಮುಂಚೆ ಏನೇನು ಕೇಳಬೇಕು ಅಂತ ಕೇಳಿದ್ದೀರಿ. ನಾನೂ ಮೈಸೂರಿನವಳೇ. ಇದೇ ಕೆಲಸವನ್ನು ಎರಡು ಸಲ ಮಾಡಿಸಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ಇವತ್ತಿಗೂ ನಿಂತಿದೆ.

ಮೊದಲ ಸಲ ಹುಲ್ಲು ಹಾಸಿದವರೇ ಅಂಚನ್ನೂ ಮಾಡಿಕೊಡುತ್ತೇವೆ ಅಂದರು, ಒಪ್ಪಿದೆ. ಮಣ್ಣಿನ ಮೇಲೇ ಇಟ್ಟಿಗೆ ಜೋಡಿಸಿ, ಸಂದಿಗೆ ಸಿಮೆಂಟು ಮೆತ್ತಿ, ಒಂದೇ ದಿನದಲ್ಲಿ ಮುಗಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಮೇ ತಿಂಗಳ ಗುಡುಗು ಮಳೆ ಎರಡು ಸಲ ಹೊಡೆದ ಮೇಲೆ ಲಾನ್ ಕೆರೆಯಾಯಿತು. ಇಟ್ಟಿಗೆಸಾಲು ಏರಿಯ ಹಾಗೆ ನೀರನ್ನು ತಡೆದು ನಿಲ್ಲಿಸಿತ್ತು. ಒಂದು ಮೂಲೆಯ ಹುಲ್ಲು ಪೂರ್ತಿ ಕೊಳೆಯಿತು, ಮನೆಯ ಮುಂಗೋಡೆ ಬುಡದಲ್ಲಿ ತೇವ ಹಿಡಿದು ಬಣ್ಣ ಎದ್ದಿತು. ಅಡಿಯಲ್ಲಿ ಪಾಯವೇ ಇಲ್ಲದ ಕಾರಣ ಇಟ್ಟಿಗೆಗಳು ಒಂದೊಂದು ಕಡೆ ವಾಲಿಕೊಂಡವು. ಗರಿಕೆಯಂತೂ ಅವುಗಳ ಕೆಳಗಿನಿಂದಲೇ ನುಗ್ಗಿ ದಾಸವಾಳದ ಪಾತಿಗೆ ಹೋಗಿತ್ತು. ಗರಿಕೆಯಂತೆ ಹಬ್ಬಲಿ ಅಂತ ಹಿರಿಯರು ಸುಮ್ಮನೆ ಹರಸುವುದಿಲ್ಲ. ಅದರ ಬಳ್ಳಿ ಮೇಲೂ ಹರಿಯುತ್ತದೆ, ಮಣ್ಣಿನೊಳಗೂ ಹರಿಯುತ್ತದೆ. ನಿಮ್ಮದು ಬರ್ಮುಡಾ ಹುಲ್ಲಾದರೆ ಅದೂ ಗರಿಕೆಯ ಜಾತಿಯೇ, ಅಂಚು ಮಣ್ಣಿನೊಳಗೆ ಕನಿಷ್ಠ 5–6 ಇಂಚು ಇಳಿಯಲೇಬೇಕು.

ಎರಡನೇ ಸಲ ನಮ್ಮ ಬೀದಿಯಲ್ಲೇ ಕಾಂಪೌಂಡು ಕಟ್ಟುತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆದೆ. ಅವರು ಬಂದವರೇ ಇಟ್ಟಿಗೆಯೋ ಕಲ್ಲೋ ಅಂತ ಕೇಳಲಿಲ್ಲ. "ಜೋರು ಮಳೆ ಬಂದಾಗ ಈ ನೀರು ಯಾವ ಕಡೆ ಹೋಯ್ತದೆ ಅಮ್ಮಾವ್ರೇ?" ಅಂದರು. ನನಗೆ ಹೇಳಲು ಆಗಲಿಲ್ಲ. ಚೀಲದಿಂದ ಮಟ್ಟ ನೋಡುವ ಲೆವೆಲ್ ಪೈಪು ತೆಗೆದು ನೀರು ತುಂಬಿದರು, ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ಬೆರಳಲ್ಲಿ ತಟ್ಟಿ ತಟ್ಟಿ ಬಿಟ್ಟರು. ಒಂದು ತುದಿ ನನ್ನ ಮಗಳ ಕೈಗೆ ಕೊಟ್ಟು ಗೇಟಿನ ಹತ್ತಿರ ನಿಲ್ಲಿಸಿ, ಇನ್ನೊಂದನ್ನು ತಾವು ಮೆಟ್ಟಿಲ ಬಳಿ ಹಿಡಿದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಲಾನ್ ಗೇಟಿನ ಕಡೆಗಲ್ಲ, ಮನೆ ಕಡೆಗೇ ಎರಡಿಂಚು ಇಳಿದಿತ್ತು. ಮೊದಲು ಮಣ್ಣು ಸರಿಮಾಡಿ, ಆಮೇಲೆ ಕಲ್ಲು ಅಂದರು. ಕೆಲಸ ಇವರಿಗೇ ಅಂತ ನಾನು ಆ ಕ್ಷಣವೇ ತೀರ್ಮಾನಿಸಿದೆ.

ಆದ್ದರಿಂದ ನರ್ಸರಿಯವರೋ ಮೇಸ್ತ್ರಿಯೋ ಅನ್ನುವುದಕ್ಕಿಂತ, ಬಂದವರು ಮಟ್ಟ ನೋಡುತ್ತಾರಾ ಅಂತ ನೋಡಿ. ಗಿಡದ ಕೆಲಸದವರಲ್ಲೂ ಇದನ್ನು ಬಲ್ಲವರಿದ್ದಾರೆ. ಮೊಬೈಲಿನ ಫೋಟೋ ನೋಡಿ ಒಪ್ಪಬೇಡಿ. ಮುಗಿದ ದಿನ ತೆಗೆದ ಫೋಟೋದಲ್ಲಿ ಎಲ್ಲ ಅಂಚೂ ನೆಟ್ಟಗೇ ಇರುತ್ತದೆ. ಎರಡು ಮಳೆಗಾಲ ಕಳೆದ ಕೆಲಸ ಎಲ್ಲಿದೆ ಅಂತ ವಿಚಾರಿಸಿ, ಹೋಗಿ ಕಾಲಿನಿಂದ ಅದುಮಿ ನೋಡಿ.

ನಮ್ಮಲ್ಲಿ ಕೆಲಸ ನಡೆದದ್ದು ಹೀಗೆ. ಮಣ್ಣನ್ನು ಗೇಟಿನ ಕಡೆಗೆ ಇಳಿಜಾರಾಗಿ ಸರಿಮಾಡಿದ ಮೇಲೆ, ನೇರ ಬದಿಗಳಿಗೆ ಗೂಟ ಹೊಡೆದು ದಾರ ಕಟ್ಟಿದರು. ಅಂಚು ಬಾಗುವ ಕಡೆ ನೀರು ಬಿಡುವ ಪೈಪನ್ನು ಬಿಸಿಲಲ್ಲಿ ಕಾಯಿಸಿ, ಮೆತ್ತಗಾದ ಮೇಲೆ ಬೇಕಾದ ಹಾಗೆ ಬಗ್ಗಿಸಿಟ್ಟು, ನನ್ನ ಹತ್ತಿರ ರಂಗೋಲಿ ಪುಡಿ ಇಸಿದುಕೊಂಡು ಅದರ ಗುಂಟ ಗೆರೆ ಎಳೆದರು. ಎಂಟಿಂಚು ಕಾಲುವೆ ತೋಡಿ, ತಳ ದಮ್ಮಸ್ಸು ಮಾಡಿ, ಕಲ್ಲು ಕೂರಲು ಅಡಿಗಟ್ಟಾಗಿ ಎರಡಿಂಚು ಕಾಂಕ್ರೀಟು (ಬೆಡ್) ಹಾಕಿ, ಅದು ಹಸಿಯಾಗಿರುವಾಗಲೇ ಕಲ್ಲು ನಿಲ್ಲಿಸಿದರು. ಎಂಟಿಂಚು ಎತ್ತರದ ಗ್ರಾನೈಟ್ ಪಟ್ಟಿಕಲ್ಲು, ಆರಿಂಚು ಮಣ್ಣಿನೊಳಗೆ, ಪಾತಿಯ ಕಡೆಯಿಂದ ನೋಡಿದರೆ ಎರಡಿಂಚು ಹೊರಗೆ. ಲಾನ್ ಕಡೆ ಮಣ್ಣು ಏರಿಸಿದ್ದರಿಂದ ಅಲ್ಲಿ ಒಂದೇ ಇಂಚು ಕಾಣುತ್ತದೆ, ಹುಲ್ಲು ಕತ್ತರಿಸುವ ಮಿಷನ್ ತಗಲುವುದಿಲ್ಲ. ಇಳಿಜಾರಿನ ಬದಿಯಲ್ಲಿ ಪ್ರತಿ ಐದು ಅಡಿಗೆ ಅರ್ಧ ಇಂಚು ಸಂದಿ ಬಿಟ್ಟು, ಅದಕ್ಕೆ ಸಿಮೆಂಟು ತಾಕಿಸಲಿಲ್ಲ. ಮಳೆನೀರು ಈಗ ಅಲ್ಲಿಂದಲೇ ಪಾತಿಗಿಳಿದು ಗೇಟಿನ ಕಡೆ ಹೋಗುತ್ತದೆ. ಒಟ್ಟು ಮೂರು ದಿನದ ಕೆಲಸ, ಮೇಸ್ತ್ರಿ ಮತ್ತು ಒಬ್ಬ ಆಳು.

ಕಲ್ಲು ದುಬಾರಿ ಅನ್ನಿಸಿದರೆ ಚೆನ್ನಾಗಿ ಬೆಂದ ಇಟ್ಟಿಗೆಯೂ ಆದೀತು. ಹಳೆಯ ಬಂಗಲೆಗಳ ಮುಂದೆ ಇಟ್ಟಿಗೆಯನ್ನು ಓರೆಯಾಗಿ ಹುಗಿದು ಕಾವಿ, ಸುಣ್ಣ ಬಳಿದ ಸಾಲು ನೀವೂ ನೋಡಿರುತ್ತೀರಿ. ನನಗೆ ಅದು ಬಹಳ ಇಷ್ಟ. ಆದರೆ ಅರೆಬೆಂದ ಇಟ್ಟಿಗೆ ತೇವದಲ್ಲಿ ಪದರ ಪದರವಾಗಿ ಉದುರುತ್ತದೆ. ಎರಡನ್ನು ಒಂದಕ್ಕೊಂದು ಬಡಿದರೆ ಕಂಚಿನಂತೆ ಠಣ್ ಅನ್ನಬೇಕು. ಮೂರಿಂಚು ದಪ್ಪದ ಇಟ್ಟಿಗೆಯನ್ನು ಪಕ್ಕಪಕ್ಕ ನೆಟ್ಟಗೆ ನಿಲ್ಲಿಸಿದರೆ ಅಡಿಗೆ ನಾಲ್ಕು. ನಿಮ್ಮ ಲಾನ್‌ನ ಸುತ್ತಳತೆ 70 ಅಡಿ, ಅಂದರೆ 280. ಒಡೆಯುವುದೂ ಸೇರಿ 300 ತರಿಸಿ. ಸುರುಳಿಯಲ್ಲಿ ಬರುವ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ನಮ್ಮ ಬಿಸಿಲಿಗೆ ನಾನಂತೂ ಹಾಕಿಸುವುದಿಲ್ಲ, ಒಣಗಿ ಚೂರಾಗುತ್ತದೆ.

ಮಾತು ಮುಗಿಸುವಾಗ ಅಡಿ ಲೆಕ್ಕವೋ ದಿನಗೂಲಿಯೋ, ಮಾಲು ಯಾರದು, ತೋಡಿದ ಮಣ್ಣು ಮತ್ತು ಉಳಿದ ಸಿಮೆಂಟಿನ ಕಸ ಯಾರು ಸಾಗಿಸಬೇಕು, ಎಷ್ಟು ಆಳ, ಬೆಡ್ ಹಾಕುತ್ತಾರೋ ಇಲ್ಲವೋ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಕಸದ ವಿಷಯ ಸಣ್ಣದಲ್ಲ. ಮೊದಲ ಸಲ ಉಳಿದ ಗಾರೆಯನ್ನು ಪಾತಿಯಲ್ಲೇ ಹೂತು ಹೋಗಿದ್ದರು. ಅಲ್ಲಿದ್ದ ಕೇಪಳದ ಎಲೆ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲ ಹಳದಿಯಾಯಿತು. ಸಿಮೆಂಟಿನ ಸುಣ್ಣದಂಶ ಮಣ್ಣಿಗಿಳಿದರೆ ಆ ಗಿಡಕ್ಕೆ ಕಬ್ಬಿಣದ ಅಂಶ ಎಳೆದುಕೊಳ್ಳಲು ಆಗುವುದಿಲ್ಲ. ಗಾರೆ ಕಲಸುವುದನ್ನು ತಗಡಿನ ಮೇಲೋ ಬಾಂಡ್ಲಿಯಲ್ಲೋ ಮಾಡಲಿ, ಪಾತಿಯ ಪಕ್ಕದ ಮಣ್ಣಿನ ಮೇಲಲ್ಲ.

ತೋಡುವ ಮುಂಚೆ ನೆಲದಡಿಯ ನೀರಿನ ತೊಟ್ಟಿಗೆ (ಸಂಪು) ಬರುವ ಪೈಪು, ಚರಂಡಿ ಪೈಪು, ಗೇಟಿನ ದೀಪದ ವೈರು ಎಲ್ಲಿ ಹಾದಿವೆ ಅಂತ ನೀವೇ ತೋರಿಸಿ. ಹಾಗೆಯೇ ಅಂಚಿನ ಕೆಳಗೆ ಎರಡು ಕಡೆ ಖಾಲಿ ಪಿವಿಸಿ ಪೈಪಿನ ತುಂಡು ಹಾಕಿಸಿಡಿ. ನಾಳೆ ಹನಿ ನೀರಿನ (ಡ್ರಿಪ್) ಪೈಪು ಎಳೆಯಬೇಕಾದರೆ ಕಲ್ಲು ಕೀಳುವಂತಿಲ್ಲ. ತಿಂಗಳು ಜನವರಿ, ಫೆಬ್ರವರಿ ಆದರೆ ಒಳ್ಳೆಯದು, ಬೇಸಿಗೆ ಮಳೆ ಶುರುವಾಗುವ ಹೊತ್ತಿಗೆ ಮಣ್ಣು ಕೂತಿರುತ್ತದೆ. ಸಿಮೆಂಟು ಗಟ್ಟಿಯಾಗಲು ಒಂದು ವಾರ ಬೆಳಿಗ್ಗೆ ಸಂಜೆ ಸಿಮೆಂಟು ಹಾಕಿದ ಕಡೆಗಳಿಗೆ ನೀರು ಹಾಕುವುದನ್ನು ಮಾತ್ರ ಯಾರ ಮೇಲೂ ಬಿಡದೆ ನೀವೇ ಮಾಡಿ.

ದುಡ್ಡು ಮೂರು ಕಂತು ಮಾಡಿಕೊಳ್ಳಿ, ಕೊನೆಯ ಸಣ್ಣ ಕಂತು ಮೊದಲ ದೊಡ್ಡ ಮಳೆ ಆದ ಮೇಲೆ ಅಂತ ಮೊದಲೇ ಹೇಳಿಬಿಡಿ. ನಮ್ಮ ಮೇಸ್ತ್ರಿ ಇದಕ್ಕೆ ಮುಖ ಸಿಂಡರಿಸಲಿಲ್ಲ. ಏಪ್ರಿಲ್ ಕೊನೆಯಲ್ಲಿ ಮಳೆಯಾದ ಮರುದಿನ ಕರೆಯುವ ಮುಂಚೆಯೇ ಬಂದರು. ತೆಂಗಿನ ಮರದ ಹತ್ತಿರ ಎರಡು ಕಲ್ಲು ಕಾಲಿಂಚು ಕುಸಿದಿದ್ದವು. ಅವನ್ನು ಕಿತ್ತು, ಕೆಳಗೆ ಜಲ್ಲಿ ತುಂಬಿ ಬಡಿದು, ಮತ್ತೆ ಕೂರಿಸಿ, ಪಕ್ಕದ ಕಲ್ಲಿಗೆ ಸಮ ಬಂತಾ ಅಂತ ಅಂಗೈ ಆಡಿಸಿ ನೋಡಿದ ಮೇಲೆಯೇ ದುಡ್ಡು ಇಸಿದುಕೊಂಡರು.