ದ್ರವಸ್ಫಟಿಕಗಳ ಸಂಶೋಧನೆಯಲ್ಲಿ ಬೆಂಗಳೂರಿನ ಹೆಸರು ಏಕೆ ಬರುತ್ತದೆ?

ಮುಖ್ಯ ಕಾರಣ ಶಿವರಾಮಕೃಷ್ಣ ಚಂದ್ರಶೇಖರ್ (1930–2004). ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ; ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಕರಾದ್ದರಿಂದ ಗೊಂದಲವಾಗುವುದು ಸಹಜ. ಶಿವರಾಮಕೃಷ್ಣ ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗವನ್ನು ಕಟ್ಟಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು.

ದ್ರವಸ್ಫಟಿಕ ನೀರಿನಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಘನವಸ್ತುವಿನಲ್ಲಿರುವಂತೆ ಒಂದಿಷ್ಟು ಶಿಸ್ತನ್ನು ಉಳಿಸಿಕೊಂಡಿರುತ್ತವೆ. 1888ರಲ್ಲಿ ಇದರ ಗುರುತು ಸಿಕ್ಕಿದಂದಿನಿಂದ ಸುಮಾರು 90 ವರ್ಷ, ಅಣು ಕಡ್ಡಿಯಂತೆ ಉದ್ದವಾಗಿದ್ದರೆ ಮಾತ್ರ ಈ ಸ್ಥಿತಿ ಸಾಧ್ಯ ಎಂಬ ನಂಬಿಕೆ ಬಲವಾಗಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅದನ್ನು ಮುರಿದರು. ಬೆಂಜೀನ್ ಉಂಗುರದ (ಆರು ಇಂಗಾಲದ ಪರಮಾಣುಗಳ ಬಳೆ) ಸುತ್ತ ಆರು ಉದ್ದನೆಯ ಬಾಲಗಳಿರುವ ತಟ್ಟೆಯಾಕಾರದ ಅಣುಗಳು, ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಕಂಬಗಳಾಗಿ ನಿಲ್ಲುವುದನ್ನು ತೋರಿಸಿದರು. ಈ ಪ್ರಬಂಧ ಪ್ರಕಟವಾದದ್ದು ಭಾರತದ್ದೇ ಆದ ‘ಪ್ರಮಾಣ’ ಎಂಬ ಭೌತಶಾಸ್ತ್ರ ಪತ್ರಿಕೆಯಲ್ಲಿ ಎಂಬುದು ನನಗೆ ಅತ್ಯಂತ ಹೆಮ್ಮೆಯ ಸಂಗತಿ.

ಇಂಥ ಕಂಬಗಳ ಉದ್ದಕ್ಕೂ ವಿದ್ಯುದಾವೇಶ ಸುಲಭವಾಗಿ ಸಾಗಬಲ್ಲದು; ಹೀಗಾಗಿ ಸಾವಯವ (ಇಂಗಾಲದ ಸಂಯುಕ್ತಗಳಿಂದ ಮಾಡುವ) ಸೌರಕೋಶಗಳ ಸಂಶೋಧಕರಿಗೆ ಇವುಗಳಲ್ಲಿ ಆಸಕ್ತಿ. ಎಲ್‌ಸಿಡಿ (ದ್ರವಸ್ಫಟಿಕ) ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡುವ ಪದರಗಳಲ್ಲೂ ತಟ್ಟೆಯಾಕಾರದ ಅಣುಗಳನ್ನು ಬಳಸಲಾಗಿದೆ.

ಜೀವಭೌತಶಾಸ್ತ್ರದ ನಂಟೂ ಇದೆ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತು, ಪಕ್ಕಕ್ಕೆ ಜಾರುತ್ತಲೇ ಇರುತ್ತವೆ. ಅದೂ ಒಂದು ದ್ರವಸ್ಫಟಿಕವೇ.